ಉತ್ತರ ಕೊಡದೆ ವಿಧಿಯಿಲ್ಲದ ಮಾತು

ಅಧಿಕಾರದಲ್ಲಿರುವವರಿಗೆ ಬೈಸಿಕೊಂಡು ಅಭ್ಯಾಸವಾಗಿರುತ್ತದೆ. ಲೆಕ್ಕ ಒಪ್ಪಿಸಿ ಅಭ್ಯಾಸವಿರುವುದಿಲ್ಲ. ಹಾಗಾಗಿ ಒಂದು ಚಳವಳಿಯ ಮಾತು ಎಷ್ಟು ಖಾರವಾಗಿತ್ತು ಎಂದು ಅಳೆಯಲು ನಾನು ಹೋಗುವುದಿಲ್ಲ. ಆ ಮಾತಿಗೆ ಉತ್ತರ ಕೊಡದೆ ಸುಮ್ಮನಿದ್ದಿದ್ದರೆ ಆಳುವವರಿಗೆ ಏನು ನಷ್ಟವಾಗುತ್ತಿತ್ತು ಎಂದು ನೋಡುತ್ತೇನೆ.

*

‘ಬೇಕೇ ಬೇಕು, ನ್ಯಾಯ ಬೇಕು.’ ಅಂಗನವಾಡಿ ಕಾರ್ಯಕರ್ತೆಯರ ಧರಣಿಯಲ್ಲಿ, ಕಬ್ಬು ಬೆಳೆಗಾರರ ರಸ್ತೆ ತಡೆಯಲ್ಲಿ, ಅತಿಥಿ ಉಪನ್ಯಾಸಕರ ಪೆಂಡಾಲಿನಲ್ಲಿ ಇದೇ ಕೂಗು. ಲಯ ಚೆನ್ನಾಗಿದೆ, ಗಂಟಲಿಗೂ ಹಿತ. ಆದರೆ ನ್ಯಾಯ ಬೇಡ ಎನ್ನುವ ಮಂತ್ರಿ ಇನ್ನೂ ಹುಟ್ಟಿಲ್ಲ. ಎದುರಿಗಿರುವವನು ತಲೆದೂಗಿ ಒಪ್ಪಿಬಿಡಬಹುದಾದ ಘೋಷಣೆಯಿಂದ ಅವನಿಗೆ ಯಾವ ತೊಂದರೆಯೂ ಇಲ್ಲ.

*

2020ರ ಡಿಸೆಂಬರ್ 5. ದೆಹಲಿಯ ವಿಜ್ಞಾನ ಭವನದಲ್ಲಿ ಕೇಂದ್ರ ಮಂತ್ರಿಗಳಿಗೂ ರೈತ ಮುಖಂಡರಿಗೂ ಐದನೇ ಸುತ್ತಿನ ಮಾತುಕತೆ. ಮಂತ್ರಿಗಳು ಮೂರು ಕೃಷಿ ಕಾಯ್ದೆಗಳಿಗೆ ತಿದ್ದುಪಡಿ ತರುವ ಬಗ್ಗೆ ವಿವರಿಸುತ್ತಾ ಹೋದರು. ಒಂದು ಹಂತದಲ್ಲಿ ರೈತರು ಮಾತು ನಿಲ್ಲಿಸಿಬಿಟ್ಟರು. ‘ಯೆಸ್ ಆರ್ ನೋ’ ಎಂದು ಬರೆದ ಹಾಳೆಗಳನ್ನು ಎತ್ತಿ ಹಿಡಿದು ಕುಳಿತರು. ಕಾಯ್ದೆ ವಾಪಸ್ ತಗೊಳ್ತೀರೋ ಇಲ್ಲವೋ, ಅಷ್ಟೇ. ಅಂದಿನ ಮಾತುಕತೆಗಳಲ್ಲಿ ಅವರು ಸರ್ಕಾರದ ಊಟವನ್ನೂ ಮುಟ್ಟಲಿಲ್ಲ. ತಮ್ಮ ಲಂಗರಿನ ಅಡುಗೆಮನೆಯಿಂದ ಬಂದ ರೊಟ್ಟಿ ತಿಂದರು.

ಮಾತುಕತೆಯ ಮೇಜು ಉತ್ತರ ಕೊಡದೆ ಕಾಲ ತಳ್ಳಲಿಕ್ಕೂ ಒಳ್ಳೆಯ ಜಾಗ ಎಂಬುದು ಆ ಹಿರಿಯರಿಗೆ ಮಂಡಿ ದಲ್ಲಾಳಿಗಳ ಜೊತೆ ವ್ಯವಹರಿಸಿಯೇ ಗೊತ್ತಿತ್ತೋ ಏನೋ. ಉತ್ತರ ಬರಲು ಹೆಚ್ಚುಕಡಿಮೆ ವರ್ಷವೇ ಹಿಡಿಯಿತು. 2021ರ ನವೆಂಬರ್ 19ರಂದು ಪ್ರಧಾನಿ ಟಿವಿಯಲ್ಲಿ ಬಂದು ಮೂರೂ ಕಾಯ್ದೆಗಳನ್ನು ಹಿಂಪಡೆಯುವುದಾಗಿ ಹೇಳಿದರು.

*

ಘೋಷಣೆ ಕೂಗುವವರ ಹೊಟ್ಟೆಯುರಿ ತಣಿಸಿದರೆ ಸಾಲದು. ಕೇಳಿಸಿಕೊಂಡವರ ನಿದ್ದೆಗೆಡಿಸಬೇಕು.

*

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ತನ್ನ ಮೊದಲ ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ, ನಡೆಸಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮುಂತಾದವರ ಈ ಸಂಘಟನೆ ಮಾಡಿದ್ದು ತೀರ ಸರಳ ಕೆಲಸ: ಪಂಚಾಯಿತಿ ಕಾಮಗಾರಿಗಳ ಮಸ್ಟರ್ ರೋಲು, ಬಿಲ್ಲು, ವೋಚರುಗಳನ್ನು ಹೇಗೋ ಸಂಪಾದಿಸಿ ಊರವರ ಮುಂದೆ ಗಟ್ಟಿಯಾಗಿ ಓದುವುದು. ಇಂಥವರು ಇಷ್ಟು ದಿನ ಕೆಲಸ ಮಾಡಿ ಇಷ್ಟು ಕೂಲಿ ಪಡೆದಿದ್ದಾರೆ ಎಂದು ಓದುತ್ತಿದ್ದಂತೆ ಆ ಹೆಸರಿನವರೇ ಎದ್ದು ನಿಂತು ನಾನು ಆ ಕೆಲಸಕ್ಕೆ ಹೋಗೇ ಇಲ್ಲ ಎನ್ನುತ್ತಿದ್ದರು. ಮುಂದಿನ ಸುನವಾಯಿಗಳಲ್ಲಿ ಸತ್ತವರೂ ಕೂಲಿ ಮಾಡಿದ್ದು, ಕಟ್ಟದ ಕಟ್ಟಡಕ್ಕೆ ಬಿಲ್ಲಾದದ್ದು ಹೊರಬಿತ್ತು.

ಭ್ರಷ್ಟಾಚಾರ ತೊಲಗಲಿ ಎಂದು ನೂರು ಮೆರವಣಿಗೆ ಮಾಡಿದ್ದರೂ ಪಂಚಾಯಿತಿ ಕಾರ್ಯದರ್ಶಿ ಮನೆಯಲ್ಲಿ ಹಾಯಾಗಿ ಕೂರುತ್ತಿದ್ದ. ಹೆಸರು, ದಿನ, ರೂಪಾಯಿ ಎಂದು ಓದಿದಾಗ ಅವನು ಕೂರುವಂತಿರಲಿಲ್ಲ.

*

ಅದೇ ಸಂಘಟನೆಯ ಇನ್ನೊಂದು ಉಪಾಯ ನನಗೆ ಇನ್ನೂ ಹೆಚ್ಚು ಇಷ್ಟ. 1995ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ಪಂಚಾಯಿತಿ ದಾಖಲೆಗಳ ನಕಲು ಜನರಿಗೆ ಸಿಗುತ್ತದೆ ಎಂದು ವಿಧಾನಸಭೆಯಲ್ಲಿ ಭರವಸೆ ಕೊಟ್ಟರು. ಪತ್ರಿಕೆಯಲ್ಲಿ ಬಂತು. ಆದೇಶ ಮಾತ್ರ ಬರಲಿಲ್ಲ. ಸರಿಯಾಗಿ ವರ್ಷ ತುಂಬಿದ ದಿನ, 1996ರ ಏಪ್ರಿಲ್ 6ರಂದು, ಬ್ಯಾವರ್ ಪಟ್ಟಣದ ಚಾಂಗ್ ಗೇಟ್ ಬಳಿ ಧರಣಿ ಶುರುವಾಯಿತು. ನಲವತ್ತು ದಿನ ನಡೆಯಿತು. ‘ಹಮಾರಾ ಪೈಸಾ, ಹಮಾರಾ ಹಿಸಾಬ್’ ಎಂಬ ಘೋಷಣೆ ಅಲ್ಲಿಂದ ಊರೂರಿಗೆ ಹೋಯಿತು. ಹತ್ತಿರ ಹತ್ತಿರ ಹತ್ತು ವರ್ಷಕ್ಕೆ, 2005ರಲ್ಲಿ, ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾಯ್ದೆಯಾಯಿತು.

ಅವರು ಹೊಸ ಬೇಡಿಕೆ ಇಡಲಿಲ್ಲ. ಮುಖ್ಯಮಂತ್ರಿ ಆಡಿದ ಮಾತನ್ನೇ ಅವರ ಮುಂದೆ ಹಿಡಿದರು. ಹಳೆಯ ಪತ್ರಿಕೆಯನ್ನು ರದ್ದಿಗೆ ಹಾಕದೆ ಇಟ್ಟುಕೊಂಡವನು ಯಾವ ಸರ್ಕಾರಕ್ಕೂ ಅಪಾಯಕಾರಿ.

*

ಪತ್ರಿಕೆಯಲ್ಲಿ ಚಿತ್ರ ನೋಡಿರುತ್ತೀರಿ: ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು, ಎಡಕ್ಕೆ ಮುಖಂಡರು, ಬಲಕ್ಕೆ ತಹಶೀಲ್ದಾರರು, ನಡುವೆ ಎರಡೂ ಕಡೆಯವರು ಹಿಡಿದಿರುವ ಒಂದು ಹಾಳೆ, ಎಲ್ಲರ ಕಣ್ಣೂ ಕ್ಯಾಮೆರಾದ ಕಡೆಗೆ. ಕೆಳಗೆ ‘ಮನವಿ ಸಲ್ಲಿಸಿದರು’ ಎಂಬ ಸಾಲು. ಕೊಟ್ಟವರಿಗೆ ಹೋರಾಟ ಮಾಡಿದ ಸಮಾಧಾನ, ಪಡೆದವರಿಗೆ ಸ್ಪಂದಿಸಿದ ಸಮಾಧಾನ. ಹಾಳೆ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಒಳಗೆ ಹೋಗುತ್ತದೆ. ಮನವಿಯಲ್ಲಿ ಇಂಥ ತಾರೀಕಿನೊಳಗೆ ಎಂದು ಬರೆದಿದ್ದರೆ, ಆ ತಾರೀಕಿಗೆ ಇಷ್ಟೇ ಜನ ಮತ್ತೆ ಅದೇ ಮೆಟ್ಟಿಲಿಗೆ ಬರುತ್ತಾರೆ ಎಂದು ಗೊತ್ತಿದ್ದರೆ, ಅದೇ ತಹಶೀಲ್ದಾರರ ಮುಖ ಬೇರೆಯಾಗಿರುತ್ತಿತ್ತು.

*

ಗಾಂಧೀಜಿ ದಂಡಿಗೆ ಹೊರಡುವ ಮೊದಲು, 1930ರ ಮಾರ್ಚ್ 2ರಂದು, ವೈಸ್‌ರಾಯ್ ಇರ್ವಿನ್‌ಗೆ ಪತ್ರ ಬರೆದರು. ಏನು ಮಾಡುತ್ತೇನೆ, ಯಾವಾಗ ಮಾಡುತ್ತೇನೆ, ಏಕೆ ಮಾಡುತ್ತೇನೆ, ಎಲ್ಲ ಅದರಲ್ಲಿತ್ತು. ಪತ್ರ ತಲುಪಿಸಿದವನು ಒಬ್ಬ ಇಂಗ್ಲಿಷ್ ತರುಣ. ವೈಸ್‌ರಾಯ್ ಕಡೆಯಿಂದ ಬಂದದ್ದು ವಿಷಾದ ವ್ಯಕ್ತಪಡಿಸುವ ಚುಟುಕು ಉತ್ತರ. ಆ ಉತ್ತರವೇ ಪಾದಯಾತ್ರೆಗೆ ಮೊದಲ ಪ್ರಚಾರವಾಯಿತು.

ಗುಟ್ಟಾಗಿ ಹೋಗಿ ಉಪ್ಪು ಎತ್ತಿದ್ದರೆ ಅದು ಕಳ್ಳತನದ ಲೆಕ್ಕಕ್ಕೆ ಸೇರುತ್ತಿತ್ತು. ಮಾರ್ಚ್ 12ರಿಂದ ಏಪ್ರಿಲ್ 5ರವರೆಗೆ, ಯಾವ ಊರಲ್ಲಿ ಎಂದು ತಂಗುತ್ತೇವೆ ಎಂದು ಮೊದಲೇ ಪ್ರಕಟಿಸಿ, ನಿಧಾನ ನಡೆದದ್ದರಿಂದ ಪತ್ರಕರ್ತರಿಗೆ ಬರಲು ಸಮಯ ಸಿಕ್ಕಿತು, ಸರ್ಕಾರಕ್ಕೆ ಯೋಚಿಸಲು ಸಮಯ ಸಿಕ್ಕಿತು. ಹಿಡಿದರೆ ಹುತಾತ್ಮ, ಬಿಟ್ಟರೆ ಗೆದ್ದವನು. ಯೋಚಿಸಿದಷ್ಟೂ ಸರ್ಕಾರಕ್ಕೆ ಕಷ್ಟವೇ.

*

ಪೂರ್ಣ ಸ್ವರಾಜ್ಯ ಕೇಳಬೇಕಾದ ಹೊತ್ತಿನಲ್ಲಿ ಉಪ್ಪೇ ಎಂದು ಕಾಂಗ್ರೆಸ್ಸಿನೊಳಗೇ ಹಲವರು ಮೂಗು ಮುರಿದಿದ್ದರು. ಸ್ವರಾಜ್ಯದ ಬಗ್ಗೆ ಒಂದು ಗಂಟೆ ವಿವರಿಸಬೇಕು. ಉಪ್ಪಿನ ಬಗ್ಗೆ ಯಾರಿಗೆ ಏನು ವಿವರಿಸುವುದು? ಮೋಟೆಬೆನ್ನೂರಿನ ಹದಿಹರೆಯದ ಮೈಲಾರ ಮಹಾದೇವಪ್ಪನವರು ಆ ನಡಿಗೆಯಲ್ಲಿದ್ದರು. ಅದೇ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲ ದಂಡೆಯಲ್ಲೂ ಉಪ್ಪು ಮಾಡಿದರು. ಗುಜರಾತಿಯಲ್ಲಿ ಶುರುವಾದದ್ದನ್ನು ಅಂಕೋಲೆಯವರಿಗೆ ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ.

*

ಅದೇ 1930ರ ಮೇ 21ರಂದು ಧಾರಾಸಣದ ಉಪ್ಪಿನ ಗೋದಾಮಿನ ಮುಂದೆ ಸತ್ಯಾಗ್ರಹಿಗಳ ಸಾಲು ಸಾಲು ಲಾಠಿ ಏಟು ತಿಂದು ಬಿದ್ದಿತು. ಅಮೆರಿಕದ ವರದಿಗಾರ ವೆಬ್ ಮಿಲ್ಲರ್ ಅಲ್ಲಿದ್ದ. ಅವನ ವರದಿ ಜಗತ್ತಿನ ನೂರಾರು ಪತ್ರಿಕೆಗಳಿಗೆ ಹೋಯಿತು. ಹಿಂದೆಯೂ ಲಾಠಿ ಬೀಸಿತ್ತು, ತಲೆ ಒಡೆದಿತ್ತು. ಆಗ ಬೀಸಿದವರಿಗೆ ಸಾಕ್ಷಿಯ ಭಯ ಇರಲಿಲ್ಲ, ಅಷ್ಟೇ ವ್ಯತ್ಯಾಸ.

*

ಎಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳ ಬಾಗಿಲಲ್ಲಿ ರಾಜ್ಯ ರೈತ ಸಂಘದ ಬೋರ್ಡು ನಿಂತಿತ್ತು: ಸಂಘದ ಅನುಮತಿ ಇಲ್ಲದೆ ಸಾಲ ವಸೂಲಿ, ಕಂದಾಯ ವಸೂಲಿಯ ಅಧಿಕಾರಿಗಳು ಊರೊಳಗೆ ಬರಕೂಡದು ಎಂಬರ್ಥದ್ದು. ತಗಡಿನ ಮೇಲೆ ಬಣ್ಣದಲ್ಲಿ ಬರೆದದ್ದು, ಖರ್ಚು ಹೆಚ್ಚಿಲ್ಲ.

ಅದನ್ನು ಓದಬೇಕಾದವರು ಯಾರು ಎಂದು ಯೋಚಿಸಿ. ಜೀಪಿನಲ್ಲಿ ಬಂದ ಅಧಿಕಾರಿ ಓದುತ್ತಾನೆ. ಗಾಡಿ ನಿಲ್ಲಿಸಬೇಕೋ ಮುಂದೆ ಹೋಗಬೇಕೋ ಅಲ್ಲೇ ತೀರ್ಮಾನಿಸಬೇಕು. ಆದರೆ ಬೋರ್ಡಿನ ಒಳಗಡೆ ಇರುವವರು ದಿನಾ ಅದರ ಪಕ್ಕದಲ್ಲೇ ಹೊಲಕ್ಕೆ ಹೋಗಿ ಬರುತ್ತಾರೆ. ಅಮೀನ ಬಂದರೆ ಹಿತ್ತಿಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದವನಿಗೆ, ಜಪ್ತಿಯಾದ ಪಾತ್ರೆಯ ನಾಚಿಕೆಯಲ್ಲಿ ತಲೆ ತಗ್ಗಿಸಿದ್ದವಳಿಗೆ, ಸಾಲ ಮಾಡಿದವನು ಕಳ್ಳನಲ್ಲ ಎಂದು ಆ ತಗಡು ದಿನಾ ಹೇಳಿತು. ಜಪ್ತಿ ಮಾಡಿದ ಸಾಮಾನನ್ನು ಸಂಘದವರು ಮೆರವಣಿಗೆಯಲ್ಲಿ ಹೋಗಿ ವಾಪಸ್ ತರುವ ಮರುಜಪ್ತಿ ಸಾಧ್ಯವಾದದ್ದು ಈ ಧೈರ್ಯದಿಂದ. ಹೊರಗಿನವರಿಗೆಂದು ಬರೆದ ಬೋರ್ಡು ಒಳಗಿನವರನ್ನು ಹೆಚ್ಚು ಬದಲಿಸಿತು.

*

ಬಸ್ಸಿನಲ್ಲಿ ಹಸಿರು ಶಾಲು ಹೊದ್ದವನಿಗೆ ಕಂಡಕ್ಟರ್ ಏಕವಚನ ಬಳಸುವುದನ್ನು ಬಿಟ್ಟ ಎಂದು ಹಳೆಯ ರೈತ ಸಂಘದವರು ಈಗಲೂ ಹೇಳಿಕೊಂಡು ನಗುತ್ತಾರೆ. ರಾಜಕೀಯ ಬದಲಾವಣೆ ವಿಧಾನಸೌಧದಲ್ಲೇ ಆಗಬೇಕು ಎಂದೇನಿಲ್ಲ.

2018ರಲ್ಲಿ ಯಡಿಯೂರಪ್ಪನವರು ಹಸಿರು ಶಾಲು ಹೊದ್ದು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಒಂದು ಗುರುತು ಗೆದ್ದಿತು ಎಂದು ತಿಳಿಯುವುದು ಅಧಿಕಾರ ಅದನ್ನು ಹೆಗಲಿಗೆ ಹಾಕಿಕೊಂಡಾಗ. ಅದು ಸವೆಯಲು ಶುರುವಾಯಿತು ಎಂದು ತಿಳಿಯುವುದೂ ಆಗಲೇ.

*

ನರಗುಂದ, ನವಲಗುಂದ, 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ ಗೋಲಿಬಾರ್ ಆಯಿತು. ಪ್ರತಿ ವರ್ಷ ಆ ದಿನ ಎಲ್ಲ ಬಣ್ಣದ ನಾಯಕರೂ ಅಲ್ಲಿನ ವೀರಗಲ್ಲಿಗೆ ಹಾರ ಹಾಕಲು ಬರುತ್ತಾರೆ. ಸತ್ತವರನ್ನು ಎಲ್ಲ ಸರ್ಕಾರಗಳೂ ಗೌರವಿಸುತ್ತವೆ. ಅವರು ಮನವಿ ಕೊಡುವುದಿಲ್ಲ.

*

ಗೋಕಾಕ್ ವರದಿ 1981ರ ಜನವರಿಯಲ್ಲೇ ಸರ್ಕಾರದ ಕೈ ಸೇರಿತ್ತು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ ಎಂಬುದು ಅದರ ತಿರುಳು. ಧಾರವಾಡದ ಸಾಹಿತಿಗಳು ಧರಣಿ ಕೂತರು, ಲೇಖನ ಬರೆದರು, ಭಾಷಣ ಮಾಡಿದರು. ವಾದವೆಲ್ಲ ಅವರದೇ, ಅದರಲ್ಲಿ ಕೊರತೆ ಇರಲಿಲ್ಲ. 1982ರಲ್ಲಿ ನಟ ರಾಜ್‌ಕುಮಾರ್ ಬೀದಿಗಿಳಿದು ಊರೂರು ಸುತ್ತಿದಾಗ ಅದೇ ವಾದ ಲಕ್ಷಾಂತರ ಜನರದಾಯಿತು. ಅವರು ಹೊಸದಾಗಿ ಒಂದು ಅಂಶವನ್ನೂ ಸೇರಿಸಲಿಲ್ಲ. ವರದಿಯನ್ನು ಓದದವನಿಗೂ ಇದು ನನ್ನ ಮನೆ ವಿಷಯ ಎನ್ನಿಸುವಂತೆ ಮಾಡಿದರು.

ಸಾಹಿತಿಗಳಲ್ಲಿ ಕೆಲವರಿಗೆ ಇದರಿಂದ ಒಳಗೊಳಗೇ ಇರುಸುಮುರುಸಾಗಿರಬಹುದು. ನಾವು ವರ್ಷಗಟ್ಟಲೆ ಹೇಳಿದ್ದನ್ನು ಜನ ಈಗ ಕೇಳಿಸಿಕೊಂಡರಲ್ಲ ಎಂದು. ಆ ಇರುಸುಮುರುಸನ್ನು ನುಂಗಿಕೊಳ್ಳಲು ಬಾರದವರು ಚಳವಳಿಗೆ ಬರದೆ ಸಂಶೋಧನೆ ಮಾಡಿಕೊಂಡಿರುವುದು ಒಳ್ಳೆಯದು.

*

ಜನಪ್ರಿಯ ಮುಖವನ್ನು ಎರವಲು ತಂದ ಚಳವಳಿ ಆ ಮುಖ ಮನೆಗೆ ಹೋದ ಮರುದಿನ ಏನು ಮಾಡಬೇಕೆಂದು ಮೊದಲೇ ಯೋಚಿಸಿರಬೇಕು.

*

1978ರ ಚಿಕ್ಕಮಗಳೂರು ಉಪಚುನಾವಣೆಯ ದಿನಗಳಲ್ಲಿ ‘ಸಮುದಾಯ’ ತಂಡ ‘ಬೆಲ್ಚಿ’ ಬೀದಿನಾಟಕವನ್ನು ಜನರ ಮುಂದೆ ತಂದಿತು. ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟ ಘಟನೆ ಕಾಫಿ ಸೀಮೆಯವರ ಕಣ್ಣ ಮುಂದೆ ನಡೆಯಿತು. ಜನ ಸುತ್ತುಗಟ್ಟಿ ನೋಡಿದರು. ಆದರೂ ತಂಡ ಸೋಲಿಸಲು ಹೊರಟಿದ್ದ ಇಂದಿರಾ ಗಾಂಧಿಯೇ ಎಪ್ಪತ್ತು ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು.

ನಾಟಕ ಸೋತಿತೇ? ಆ ಚುನಾವಣೆಯ ಮಟ್ಟಿಗೆ ಸೋತಿತು, ಸುಮ್ಮನೆ ಒಪ್ಪಿಕೊಳ್ಳೋಣ. ಆದರೆ ಕನ್ನಡದ ಬೀದಿನಾಟಕ ಅಲ್ಲಿಂದ ಬೆಳೆಯಿತು. ಎಂಬತ್ತರ, ತೊಂಬತ್ತರ ದಶಕದ ಸಾಕ್ಷರತೆ, ವಿಜ್ಞಾನ, ಪರಿಸರದ ಜಾಥಾಗಳೆಲ್ಲ ಆ ತಮಟೆ, ಆ ವೃತ್ತ, ಆ ಕುಣಿತವನ್ನೇ ಬಳಸಿದವು. ಮತ ಎಣಿಸುವ ದಿನವೇ ಎಲ್ಲದರ ಫಲಿತಾಂಶ ಬರುವುದಿಲ್ಲ.

*

ಅಂಬೇಡ್ಕರ್ 1920ರ ಜನವರಿಯಲ್ಲಿ ‘ಮೂಕನಾಯಕ’ ಶುರುಮಾಡಿದಾಗ ತಿಲಕರ ‘ಕೇಸರಿ’ ಅದರ ಜಾಹೀರಾತನ್ನು ದುಡ್ಡು ಕೊಡುತ್ತೇವೆಂದರೂ ಹಾಕಲಿಲ್ಲ ಎಂದು ಅವರ ಜೀವನಚರಿತ್ರೆ ದಾಖಲಿಸುತ್ತದೆ. ಸ್ವರಾಜ್ಯಕ್ಕಾಗಿ ಹೋರಾಡುವ ಪತ್ರಿಕೆಯೂ ಯಾರಿಗೋ ಬಾಗಿಲು ಹಾಕಿರುತ್ತದೆ.

*

1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಾಟೆ ಎದ್ದಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಮಾತಿಗೆ ಉತ್ತರ ಹೇಳಬೇಕಾದವರು ಮಾತಾಡಿದವರನ್ನು ಇಳಿಸಿದರು. ಆದರೆ ಆ ಪ್ರಶ್ನೆ ಮೈಸೂರು, ಬೆಂಗಳೂರಿನ ಹಾಸ್ಟೆಲುಗಳಲ್ಲಿ ಉಳಿದುಕೊಂಡಿತು. ದಲಿತ ಸಂಘರ್ಷ ಸಮಿತಿ, ‘ಪಂಚಮ’ ಪತ್ರಿಕೆ, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು ಅದರ ಬೆನ್ನಿಗೇ. ಸಿದ್ಧಲಿಂಗಯ್ಯನವರ ಹಾಡುಗಳನ್ನು ಪುಸ್ತಕದಲ್ಲಿ ಓದಿದವರಿಗಿಂತ ತಮಟೆಯ ಜೊತೆ ಕೇಳಿ ಬಾಯಿಪಾಠ ಮಾಡಿದವರು ಹೆಚ್ಚು. ಅಕ್ಷರ ನಿರಾಕರಿಸಲ್ಪಟ್ಟವರ ಚಳವಳಿಗೆ ಕರಪತ್ರವನ್ನು ನೆಚ್ಚಿ ಕೂರಲಾಗುವುದಿಲ್ಲ. ಹಾಡನ್ನು ಜಪ್ತಿ ಮಾಡಲೂ ಬರುವುದಿಲ್ಲ.

*

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅವರ ಕಥೆ ಸಾಕ್ಷರತಾ ಆಂದೋಲನದ ಪಠ್ಯಕ್ಕೆ ಪಾಠವಾಗಿ ಬಂತು. ಬೇರೆ ಊರುಗಳ ಹೆಂಗಸರು ರಾತ್ರಿ ಶಾಲೆಯಲ್ಲಿ ಅಕ್ಷರ ಕೂಡಿಸಿ ಅದನ್ನು ಓದಿದರು; ಬೆಳಗ್ಗೆ ತಮ್ಮ ಊರಿನ ಅಂಗಡಿಯ ಮುಂದೆ ನಿಂತರು. 1993ರ ಅಕ್ಟೋಬರಿನಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸರ್ಕಾರವೇ ಅಚ್ಚು ಹಾಕಿಸಿ ಹಂಚಿದ ಪುಸ್ತಕ ಸರ್ಕಾರದ ಅಬಕಾರಿ ಆದಾಯಕ್ಕೇ ಮುಳುವಾಯಿತು. ಪಠ್ಯಪುಸ್ತಕ ಸಮಿತಿಗಳ ಬಗ್ಗೆ ಆಳುವವರೆಲ್ಲ ಅಷ್ಟು ಎಚ್ಚರ ವಹಿಸುವುದು ಸುಮ್ಮನೆ ಅಲ್ಲ.

*

ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಬಿಳಿಯರಿಗೆ ಬಸ್ಸಿನ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನವಾದ 1955ರ ಡಿಸೆಂಬರ್ 1ರ ರಾತ್ರಿ, ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಬೆಳಗಿನ ತನಕ ಕರಪತ್ರ ತೆಗೆದರು. ಸೋಮವಾರ ಬಸ್ಸು ಹತ್ತಬೇಡಿ ಎಂದು ಅದರಲ್ಲಿ ಬರೆದಿತ್ತು. ಬಿಳಿಯರ ಪತ್ರಿಕೆಯೊಂದು ಭಾನುವಾರ ಅದನ್ನು ಮುಖಪುಟದಲ್ಲಿ ಸುದ್ದಿ ಮಾಡಿತು. ಕರಪತ್ರ ಸಿಗದವರಿಗೂ ಬಹಿಷ್ಕಾರದ ಸುದ್ದಿ ಮುಟ್ಟಿತು. ಬಹಿಷ್ಕಾರ 381 ದಿನ ನಡೆಯಿತು.

ಇದಕ್ಕೆ ಒಂಬತ್ತು ತಿಂಗಳ ಹಿಂದೆ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದರ ಹುಡುಗಿ ಅದೇ ಊರಿನ ಬಸ್ಸಿನಲ್ಲಿ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದಳು. ಮುಖಂಡರು ಅವಳನ್ನು ಮುಂದೆ ಮಾಡಲಿಲ್ಲ. ಚಿಕ್ಕವಳು, ಬಡವರ ಮನೆಯವಳು, ಜನ ಆಡಿಕೊಳ್ಳುತ್ತಾರೆ ಎಂಬ ಲೆಕ್ಕಾಚಾರ. ಬಸ್ಸಿನ ಬೇರ್ಪಡಿಕೆಯನ್ನು ಕೊನೆಗಾಣಿಸಿದ ಮೊಕದ್ದಮೆಯ ಅರ್ಜಿದಾರರಲ್ಲಿ ಅವಳೂ ಇದ್ದಳು. ಜಗತ್ತಿಗೆ ತೋರಿಸಲು ಮುಖ ಆರಿಸುವಾಗ ಚಳವಳಿಗಳೂ ಜಗತ್ತಿನ ಪೂರ್ವಗ್ರಹಗಳನ್ನೇ ಕೈಯಲ್ಲಿ ಹಿಡಿದು ಆರಿಸುತ್ತವೆ. ಅದು ತಪ್ಪೇ ಎಂದು ಕೇಳಿದರೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಅದರ ಬೆಲೆ ಯಾರು ತೆತ್ತರು ಎಂಬುದು ಮಾತ್ರ ಗೊತ್ತು.

*

ಅರ್ಜೆಂಟೀನಾದ ಸೇನಾ ಸರ್ಕಾರ ಸಾವಿರಾರು ಯುವಕರನ್ನು ಮಾಯ ಮಾಡಿತು. 1977ರ ಏಪ್ರಿಲ್ 30ರಂದು ಹದಿನಾಲ್ಕು ತಾಯಂದಿರು ಅಧ್ಯಕ್ಷರ ಭವನದ ಎದುರಿನ ಪ್ಲಾಸಾ ದೆ ಮಾಯೋ ಚೌಕದಲ್ಲಿ ಸೇರಿದರು. ಗುಂಪು ನಿಲ್ಲುವಂತಿಲ್ಲ, ನಡೆಯಿರಿ ಎಂದರು ಪೊಲೀಸರು. ಅವರು ನಡೆದರು, ಚೌಕದ ಸುತ್ತಲೇ. ಮುಂದೆ ಪ್ರತಿ ಗುರುವಾರ ನಡೆದರು, ತಲೆಗೆ ಮಕ್ಕಳ ಬಿಳಿ ಲಂಗೋಟಿ ಬಟ್ಟೆ ಕಟ್ಟಿಕೊಂಡು. ನನ್ನ ಮಗ ಎಲ್ಲಿ ಎಂಬ ಪ್ರಶ್ನೆಗೆ ಎಷ್ಟು ದೊಡ್ಡ ಸೈನ್ಯವಿದ್ದರೂ ಸುಳ್ಳು ಹೇಳಬೇಕು, ಇಲ್ಲವೇ ಉತ್ತರ ಹೇಳಬೇಕು.

*

ಪೋಲೆಂಡಿನಲ್ಲಿ ಸೇನಾ ಆಡಳಿತ ಹೇರಿದ ಮೇಲೆ, 1982ರ ಫೆಬ್ರುವರಿಯಲ್ಲಿ, ಶ್ವಿದ್ನಿಕ್ ಎಂಬ ಪಟ್ಟಣದ ಜನ ಸರ್ಕಾರಿ ಟಿವಿ ವಾರ್ತೆಯ ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಟು ಬೀದಿಯಲ್ಲಿ ವಾಯುವಿಹಾರ ಶುರುಮಾಡಿದರು. ಕೆಲವರು ಟಿವಿ ಪೆಟ್ಟಿಗೆಯನ್ನು ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟು ಹೋದರು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. ಆಡಳಿತ ಕರ್ಫ್ಯೂ ಹೊತ್ತನ್ನು ಹಿಂದಕ್ಕೆ ತಂದಿತು. ಜನ ಅದಕ್ಕೂ ಮುಂಚಿನ ವಾರ್ತೆಯ ಹೊತ್ತಿಗೆ ತಿರುಗಾಡಿದರು.

*

ಚಿಲಿಯ ಸರ್ವಾಧಿಕಾರಿ ಪಿನೊಚೆ 1988ರಲ್ಲಿ ತನ್ನನ್ನು ಇನ್ನೆಂಟು ವರ್ಷ ಮುಂದುವರಿಸಬೇಕೇ ಎಂದು ಜನಮತ ಕೇಳಿದ. ವಿರೋಧಿಗಳಿಗೆ ಟಿವಿಯಲ್ಲಿ ರಾತ್ರಿ ತಡವಾಗಿ 15 ನಿಮಿಷ, 27 ರಾತ್ರಿ. ಹದಿನೈದು ವರ್ಷದ ಕೊಲೆ, ಚಿತ್ರಹಿಂಸೆ ಹೇಳಲು ಸಿಕ್ಕ ಮೊದಲ ಅವಕಾಶ. ಅವರು ಕಾಮನಬಿಲ್ಲು, ಹಾಡು, ನಗು ತೋರಿಸಿದರು. ಅವರದೇ ಗುಂಪಿನಲ್ಲಿ ಕೆಲವರು ಸಿಟ್ಟಾದರು, ನಮ್ಮ ನೋವು ಸೋಪಿನ ಜಾಹೀರಾತಾಯಿತಲ್ಲ ಎಂದು. ಆ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಹೆದರಿದವನಿಗೆ ಮತ್ತಷ್ಟು ಭಯದ ಚಿತ್ರ ತೋರಿಸಿದರೆ ಅವನು ಮತಗಟ್ಟೆಗೆ ಬರುವುದಿಲ್ಲ ಎಂದು ಅವರ ಅಂದಾಜು. ಶೇಕಡಾ 56 ಜನ ‘ಬೇಡ’ ಎಂದರು.

*

ರೈತ ಸಂಘದ ಪ್ರೊ. ನಂಜುಂಡಸ್ವಾಮಿ 1998ರ ನವೆಂಬರಿನಲ್ಲಿ ರಾಯಚೂರು ಕಡೆಯ ಮೊನ್ಸಾಂಟೊ ಕಂಪನಿಯ ಕುಲಾಂತರಿ ಬಿಟಿ ಹತ್ತಿ ಪ್ರಯೋಗದ ಹೊಲಗಳನ್ನು ಸುಡುತ್ತೇವೆ ಎಂದು ಮೊದಲೇ ಸಾರಿ, ಪತ್ರಕರ್ತರನ್ನು ಕರೆದು, ಹಾಗೇ ಸುಟ್ಟರು. ಕಾನೂನಿನ ಮೇಷ್ಟರು, ಬಂಧನವಾದರೆ ಕೋರ್ಟಿನಲ್ಲಿ ಬೀಜದ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಎಲ್ಲೆಲ್ಲಿ ಪ್ರಯೋಗ ನಡೆಯುತ್ತಿದೆ ಎಂಬುದು ಹೆಚ್ಚಿನ ಜನರಿಗೆ ತಿಳಿದಿರಲಿಲ್ಲ. ಹೊಲದ ಬೆಂಕಿ ಆ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟಿತು.

2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕೇ ಸಿಕ್ಕಿತು. ರೈತರೇ ಮುಗಿಬಿದ್ದು ಬೆಳೆದರು. ಇದನ್ನು ಬಚ್ಚಿಟ್ಟು ಚಳವಳಿಯ ಚರಿತ್ರೆ ಬರೆಯುವುದು ಬೇಡ.

*

ಬಿಟಿ ಬದನೆಯ ಸರದಿ ಬಂದಾಗ ಕಥೆ ಬೇರೆಯಾಯಿತು. ಹತ್ತಿಯನ್ನು ಯಾರೂ ತಿನ್ನುವುದಿಲ್ಲ, ಬದನೆಯನ್ನು ತಿನ್ನುತ್ತಾರೆ ಎಂಬುದು ಒಂದು ಕಾರಣ. ಆದರೆ ಉಡುಪಿ ಕಡೆ ಇನ್ನೊಂದಿತ್ತು. ಜೀನು ಸೇರಿಸಲು ಆರಿಸಿಕೊಂಡ ನಾಡತಳಿಗಳಲ್ಲಿ ಉಡುಪಿ ಗುಳ್ಳವೂ ಒಂದು. ಕಟಪಾಡಿ ಹತ್ತಿರದ ಮಟ್ಟು ಊರಿನ ಆ ದುಂಡು ಹಸಿರು ಬದನೆಯ ಬೀಜವನ್ನು ಯತಿ ವಾದಿರಾಜರೇ ಕೊಟ್ಟದ್ದು ಎಂದು ಅಲ್ಲಿನವರ ನಂಬಿಕೆ. ಮಠದ ಅಡುಗೆಗೆ ಅದೇ ಆಗಬೇಕು. ಜೈವಿಕ ಸುರಕ್ಷತೆ, ಪೇಟೆಂಟು, ಪರಾಗಸ್ಪರ್ಶದ ಅಂತರ ಎಂದು ಕಾರ್ಯಕರ್ತರು ಹೇಳುತ್ತಿದ್ದುದನ್ನು ಅರ್ಧ ಜನ ಕೇಳಿಸಿಕೊಂಡಿರಲಿಲ್ಲ. ಗುಳ್ಳಕ್ಕೆ ಏನೋ ಮಾಡುತ್ತಾರಂತೆ ಎಂದ ಕೂಡಲೇ ಮೀನು ಮಾರುಕಟ್ಟೆಯಲ್ಲೂ ಮಾತು ಶುರುವಾಯಿತು. ಇಲ್ಲಿ ಒಂದು ಕೊಕ್ಕೆ ಇದೆ: ನಂಬಿಕೆಯ ಬಲದಿಂದ ಎದ್ದ ಮಾತು ವಿಜ್ಞಾನದ ಪ್ರಶ್ನೆಯನ್ನು ಹಿಂದಕ್ಕೆ ತಳ್ಳಬಹುದು. ತಳ್ಳಿದ್ದೂ ಉಂಟು.

ಆಗಿನ ಪರಿಸರ ಮಂತ್ರಿ ಜೈರಾಂ ರಮೇಶ್ ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿದರು, ಬೆಂಗಳೂರಿನದು ಕೊನೆಯದು. ಬದನೆಕಾಯಿ ಹಾರ ಹಾಕಿಕೊಂಡವರೂ, ವಿಜ್ಞಾನಿಗಳೂ, ಕಂಪನಿ ಪರ ರೈತರೂ ಒಂದೇ ಮೈಕಿಗೆ ಕಿತ್ತಾಡಿದರು. 2010ರ ಫೆಬ್ರುವರಿ 9ರಂದು ಮಂತ್ರಿ ಬಿಟಿ ಬದನೆಗೆ ತಡೆ ಹಾಕಿ, ಕಾರಣಗಳನ್ನು ಬರೆದು ಪ್ರಕಟಿಸಿದರು. ಆ ತೀರ್ಮಾನವನ್ನು ಒಪ್ಪದವರೂ ಈ ದೇಶದಲ್ಲಿ ಇದ್ದಾರೆ. ಆದರೆ ಒಂದು ಸರ್ಕಾರ ಕಾರಣ ಬರೆದುಕೊಟ್ಟಿತು ಎಂಬುದು ಎಷ್ಟು ಅಪರೂಪ ಎಂದು ಅವರಿಗೂ ಗೊತ್ತು.

*

1983ರಲ್ಲಿ ಶಿರಸಿ ಬಳಿಯ ಸಾಲ್ಕಣಿ ಕಡೆಯವರು ಮರಗಳನ್ನು ಅಪ್ಪಿ ನಿಂತರು. 1987ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಗೋಮಾಳದ ನೀಲಗಿರಿ ಸಸಿ ಕಿತ್ತು ಉಪಯೋಗದ ಗಿಡ ನೆಟ್ಟರು. ಅಪ್ಪಿಕೋ, ಕಿತ್ತಿಕೋ ಹಚ್ಚಿಕೋ. ಏನು ಬೇಡ ಎಂಬುದರ ಜೊತೆಗೆ ಏನು ಮಾಡಬೇಕು ಎಂದೂ ಮಾಡಿ ತೋರಿಸಿದರು. ಕುಸನೂರಿನವರ ಬೆನ್ನಿಗೆ ಸುಪ್ರೀಂ ಕೋರ್ಟಿನಲ್ಲಿ ಶಿವರಾಮ ಕಾರಂತರ ಅರ್ಜಿಯೂ ಇತ್ತು. ಹೊಲದ ಮಾತು ಕೋರ್ಟಿಗೆ, ಕೋರ್ಟಿನ ಮಾತು ಹೊಲಕ್ಕೆ ಹೋಗಿ ಬರುತ್ತಿದ್ದರೆ ಅಧಿಕಾರಿಗೆ ಎರಡು ಕಡೆ ಉತ್ತರ ಹೇಳಬೇಕಾಗುತ್ತದೆ.

*

ಟಿವಿಯವರು ಬರುವವರೆಗೆ ಟೈರಿಗೆ ಬೆಂಕಿ ಹಚ್ಚದೆ ಕಾಯುವ ಚಳವಳಿಗಳಿವೆ. ಸಂಜೆ ಬುಲೆಟಿನ್‌ನಲ್ಲಿ ಟೈರು ಉರಿಯುತ್ತದೆ, ಬೇಡಿಕೆ ಹೊಗೆಯಲ್ಲಿ ಕಾಣುವುದಿಲ್ಲ.

*

ಹಿಂದೆ ಒಂದು ಲಕ್ಷ ಜನ ಸೇರಿದರು ಎಂದರೆ ಸರ್ಕಾರ ನಡುಗಲು ಕಾರಣವಿತ್ತು. ಲಾರಿ ಗೊತ್ತುಮಾಡಿ, ಅಕ್ಕಿ ಕೂಡಿಸಿ, ಹೋಬಳಿಗೊಬ್ಬರಂತೆ ಮುಖಂಡರನ್ನು ತಯಾರು ಮಾಡದೆ ಲಕ್ಷ ಜನ ಸೇರುತ್ತಿರಲಿಲ್ಲ. ಸೇರಿದ ಜನರ ಹಿಂದೆ ಸೇರಿಸಿದ ಶಕ್ತಿ ಕಾಣುತ್ತಿತ್ತು. ಈಗ ವಾಟ್ಸ್‌ಆ್ಯಪ್ ಸಂದೇಶಕ್ಕೆ ಒಂದೇ ವಾರದಲ್ಲಿ ಅಷ್ಟೇ ಜನ ಬರಬಹುದು. ಮುಂದಿನ ವಾರ ಇವರು ಇರುವುದಿಲ್ಲ ಎಂದು ಸರ್ಕಾರಕ್ಕೂ ಗೊತ್ತಾಗಿಬಿಟ್ಟಿದೆ. ದೆಹಲಿಯ ಗಡಿಗಳಲ್ಲಿ ಕೂತಿದ್ದ ರೈತ ಚಳವಳಿಯವರು ‘ಟ್ರಾಲಿ ಟೈಮ್ಸ್’ ಎಂದು ಕಾಗದದ ಪತ್ರಿಕೆ ಹೊರಡಿಸಿದ್ದು ಮೊಬೈಲ್ ಇಲ್ಲದೆ ಅಲ್ಲ. ಫೋನಿನ ಸಂದೇಶ ಮೇಲಕ್ಕೆ ಸರಿದು ಹೋಗುತ್ತದೆ. ಪತ್ರಿಕೆ ಟ್ರಾಲಿಯಿಂದ ಟ್ರಾಲಿಗೆ ಕೈದಾಟಿ, ಒಬ್ಬ ಓದಿದ್ದನ್ನು ಹತ್ತು ಜನ ಕೇಳುತ್ತಾರೆ.

*

ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡಬೇಕಾದರೆ ಫ್ರೀಡಂ ಪಾರ್ಕಿಗೇ ಹೋಗಬೇಕು. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಜಾಗ. ಈಗ ಜನ ತಾವಾಗಿಯೇ ಅರ್ಜಿ ಹಾಕಿ, ಅನುಮತಿ ಪಡೆದು, ಒಳಗೆ ಹೋಗಿ ಕೂರುತ್ತಾರೆ. ಸಂಚಾರಕ್ಕೆ ತೊಂದರೆಯಿಲ್ಲ ನಿಜ. ಯಾರಿಗೂ ತೊಂದರೆಯಿಲ್ಲ.

*

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳುವುದರ ವಿರುದ್ಧ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಪೆಂಡಾಲಿನ ಬೋರ್ಡಿನಲ್ಲಿ ದಿನದ ಸಂಖ್ಯೆ ಬದಲಾಗುತ್ತಾ ಹೋಯಿತು, ಸಾವಿರ ದಾಟಿತು. ಈ ಮಧ್ಯೆ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಪೆಂಡಾಲಿಗೆ ಬಂದು ಬೆಂಬಲ ಹೇಳಿದ್ದವರೇ ಅಧಿಕಾರಕ್ಕೆ ಬಂದರು. ಆ ಹಳೆಯ ಮಾತನ್ನು ರೈತರು ಮತ್ತೆ ಮತ್ತೆ ಮುಂದಿಟ್ಟರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಡುವುದಾಗಿ ಹೇಳಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನು ತೆಗೆದುಕೊಳ್ಳುತ್ತೇವೆ ಎಂದೂ ಸೇರಿಸಿದರು. ಆ ಕೊನೆಯ ವಾಕ್ಯವನ್ನು ರೈತರು ಬರೆದಿಟ್ಟುಕೊಂಡಿರುತ್ತಾರೆ ಎಂದು ನನ್ನ ನಂಬಿಕೆ.

*

2016ರ ಏಪ್ರಿಲ್ 18, 19. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ಸುದ್ದಿ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹಬ್ಬಿತು. ಮಗಳ ಮದುವೆಗೆ, ಸೈಟಿನ ಕಂತಿಗೆ, ಕಾಯಿಲೆಗೆ ಎಂದು ಆ ಹಣವನ್ನೇ ನೆಚ್ಚಿಕೊಂಡಿದ್ದ ಹೆಂಗಸರು ಹೊಲಿಗೆ ಯಂತ್ರ ಬಿಟ್ಟು ಎದ್ದು ಹೊಸೂರು ರಸ್ತೆಗೆ, ಪೀಣ್ಯದ ಕಡೆ ತುಮಕೂರು ರಸ್ತೆಗೆ ಬಂದರು. ಯೂನಿಯನ್ ಕರೆ ಇರಲಿಲ್ಲ. ವೇದಿಕೆ, ಮೈಕು, ಪತ್ರಿಕಾಗೋಷ್ಠಿ ಯಾವುದೂ ಇರಲಿಲ್ಲ. ಒಂದು ಲೈನಿನಿಂದ ಇನ್ನೊಂದು ಲೈನಿಗೆ, ಒಂದು ಫ್ಯಾಕ್ಟರಿಯ ಗೇಟಿನಿಂದ ಪಕ್ಕದ ಗೇಟಿಗೆ ಬಾಯಿಂದ ಬಾಯಿಗೆ ಹೋದ ಮಾತು. ಕಲ್ಲು ಬಿತ್ತು, ಬಸ್ಸು ಉರಿಯಿತು, ಲಾಠಿ ಬೀಸಿತು. ಮಾತುಕತೆಗೆ ಮುಖಂಡರನ್ನು ಕರೆಯೋಣವೆಂದರೆ ಮುಖಂಡರೇ ಇಲ್ಲ. ಟಿವಿಯವರು ಇದರ ಹಿಂದೆ ಯಾರಿದ್ದಾರೆ ಎಂದು ಎರಡು ದಿನ ಹುಡುಕಿದರು. 19ರ ಸಂಜೆ ಕೇಂದ್ರ ಕಾರ್ಮಿಕ ಮಂತ್ರಿ ನಿಯಮವನ್ನು ವಾಪಸ್ ಪಡೆದರು. ದೇಶದ ಕೋಟಿಗಟ್ಟಲೆ ನೌಕರರಿಗೆ, ಕಚೇರಿಯ ಎಸಿ ಕೋಣೆಯಲ್ಲಿ ಕೂತು ಟ್ರಾಫಿಕ್ ಜಾಮ್ ಬಗ್ಗೆ ಗೊಣಗುತ್ತಿದ್ದವರಿಗೂ, ಅದರ ಲಾಭ ಸಿಕ್ಕಿತು.